ಮನೆಯೊಳಗೊಂದು ಬಿಳಿ ಛತ್ರಿ

ರಾತ್ರಿ 11.30ಕ್ಕೆ ಚಿಕ್ಕಪ್ಪನ ಮಗ ಫೋನ್ ಮಾಡಿದ. "ಅಣ್ಣ, ದೊಡ್ಡಪ್ಪಂದು ಒಂದು ಒಳ್ಳೆ ಫೋಟೊ ಇದ್ರೆ ಕಳ್ಸು. ಬೆಳಿಗ್ಗೆಗೆ ಫ್ಲೆಕ್ಸ್ ಮಾಡಿಸ್ಬೇಕು."

ದೊಡ್ಡಪ್ಪ ಅವತ್ತು ಸಂಜೆ ತೀರಿಕೊಂಡಿದ್ದರು. ನಾನು ಬೆಂಗಳೂರಿನಲ್ಲಿ ಬ್ಯಾಗಿಗೆ ಬಟ್ಟೆ ತುರುಕುತ್ತಿದ್ದೆ. ನಮ್ಮ ಮನೆತನದಲ್ಲಿ 'ಫೋಟೊ ಹುಚ್ಚಿನವನು' ಅಂತ ಹೆಸರಾದವನು ನಾನೊಬ್ಬನೇ. ಹಾಗಾಗಿ ನನ್ನನ್ನೇ ಕೇಳಿದ. ಲ್ಯಾಪ್‌ಟಾಪ್ ತೆಗೆದು ಹುಡುಕಿದೆ. ಹಾರ್ಡ್ ಡಿಸ್ಕ್‌ನಲ್ಲಿ ಹತ್ತಿರ ಹತ್ತಿರ 14,000 ಫೋಟೊ. ಮುಳ್ಳಯ್ಯನಗಿರಿಯ ಮಂಜು, ರಂಗನತಿಟ್ಟಿನ ಕೊಕ್ಕರೆ, ಹಂಪಿಯ ಸೂರ್ಯಾಸ್ತ.

ದೊಡ್ಡಪ್ಪ ಸಿಕ್ಕಿದ್ದು ನಾಲ್ಕೇ ನಾಲ್ಕರಲ್ಲಿ. ಒಂದು ಮದುವೆಯ ಗುಂಪು ಫೋಟೊ, ಮೂರನೇ ಸಾಲಲ್ಲಿ ಯಾರದ್ದೋ ಪೇಟದ ಹಿಂದೆ ಅರ್ಧ ಮುಖ. ಇನ್ನೊಂದು ಮಟಮಟ ಮಧ್ಯಾಹ್ನ ಜಗಲಿಯಲ್ಲಿ ತೆಗೆದದ್ದು, ಹಿಂದಿನ ಅಂಗಳವೆಲ್ಲ ಬೆಳ್ಳಗೆ, ಅವರ ಮುಖ ಮಾತ್ರ ಕಪ್ಪು ಮಸಿ. ಉಳಿದೆರಡು ಕ್ಯಾಮೆರಾ ಮೇಲಿನ ಫ್ಲ್ಯಾಶ್ ಹಾಕಿ ತೆಗೆದವು. ಹಣೆ ಮೇಲೆ ಬಿಳಿ ಹೊಳಪು, ಹಿಂದಿನ ಗೋಡೆಗೆ ಕಪ್ಪು ನೆರಳು, ಪೊಲೀಸ್ ಸ್ಟೇಷನ್ನಲ್ಲಿ ತೆಗೆದ ಹಾಗೆ.

ಗುಂಪು ಫೋಟೊವನ್ನೇ ಕಳಿಸಿದೆ. ಫ್ಲೆಕ್ಸ್ ಅಂಗಡಿಯವರು ಮುಖ ಕತ್ತರಿಸಿ, ಬೆಳ್ಳಗೆ ಮಾಡಿ, ಸುಕ್ಕು ಒರೆಸಿ, ಹಿಂದೆ ಮೋಡ ಹಾಕಿ ಕೊಟ್ಟರು. ಬೆಳಿಗ್ಗೆ ದೊಡ್ಡಮ್ಮ ಅದನ್ನು ನೋಡಿ, "ಇದ್ಯಾರ್ ಫೋಟೊ?" ಅಂದರು. ಯಾರೂ ಉತ್ತರ ಕೊಡಲಿಲ್ಲ.

ತಿಥಿ ಮುಗಿಸಿ ವಾಪಸ್ ಬರುವಾಗ ರೈಲಲ್ಲಿ ಒಂದು ಪಟ್ಟಿ ಬರೆದೆ. ನಮ್ಮ ಮನೆತನದಲ್ಲಿ 60 ದಾಟಿದವರು 11 ಜನ. ಒಬ್ಬೊಬ್ಬರದೂ ಒಂದು ಒಳ್ಳೆ ಫೋಟೊ. ಸ್ಟುಡಿಯೋದಲ್ಲಿ ಅಲ್ಲ, ಅವರು ದಿನಾ ಕೂರುವ ಜಾಗದಲ್ಲೇ. ಕ್ಯಾಮೆರಾ, ಲೆನ್ಸ್ ಇದ್ದವು. ಇಲ್ಲದೇ ಇದ್ದದ್ದು ಬೆಳಕು.

ಹೋದ ಸಲದ ಅಂಕಣ ಓದಿದ ಕೆಲವರು, "ಕಡಿಮೆ ದುಡ್ಡಲ್ಲಿ ಮನೆಯವರ ಫೋಟೊ ತೆಗೆಯೋಕೆ ಯಾವ ಲೈಟ್ ತಗೋಬೇಕು?" ಅಂತ ಕೇಳಿದ್ದಿರಿ. ನಾನು ಏನು ತಗೊಂಡೆ, ಎಲ್ಲಿ ಎಡವಿದೆ ಅಂತ ಹೇಳಿಬಿಡ್ತೀನಿ.

ಮೊದಲು ಮನೆ ನೋಡಿ, ಆಮೇಲೆ ಲೈಟ್ ನೋಡಿ

ನಮ್ಮೂರು ತಿಪಟೂರಿನ ಹತ್ತಿರ. ಹೆಂಚಿನ ಮನೆ. ನಡುಮನೆಗೆ ಒಂದು ಚಿಕ್ಕ ಕಿಟಕಿ, ಮೇಲೆ ಒಂದು ಗಾಜಿನ ಹೆಂಚು. ಬೆಳಿಗ್ಗೆ 11ರ ಹೊತ್ತಿಗೆ ಆ ಗಾಜಿನ ಹೆಂಚಿನಿಂದ ನೆಲದ ಮೇಲೆ ಒಂದು ತುಂಡು ಬಿಸಿಲು ಬೀಳುತ್ತೆ. ಉಳಿದದ್ದೆಲ್ಲ ಮಬ್ಬು.

ಫ್ಲ್ಯಾಶ್ ಬಗ್ಗೆ ಎಲ್ಲರೂ ಕೊಡೋ ಮೊದಲ ಸಲಹೆ, "ಸೀಲಿಂಗಿಗೆ ತಿರುಗಿಸಿ ಹೊಡಿ, ಬೆಳಕು ಮೆತ್ತಗೆ ವಾಪಸ್ ಬರುತ್ತೆ" ಅಂತ. ಬಿಳಿ ಸೀಲಿಂಗಿನ ಅಪಾರ್ಟ್‌ಮೆಂಟ್‌ಗೆ ಇದು ಸರಿ. ನಮ್ಮ ಮನೇಲಿ ಸೀಲಿಂಗೇ ಇಲ್ಲ. ಹೊಗೆ ಹಿಡಿದ ಹೆಂಚು ಬೆಳಕನ್ನು ನುಂಗಿಬಿಡುತ್ತೆ. ಗೋಡೆಗೆ ಹೊಡೆಯೋಣ ಅಂದರೆ ಅದಕ್ಕೆ ಹಸಿರು ಬಣ್ಣ. ಸ್ನೇಹಿತನ ಫ್ಲ್ಯಾಶ್ ಎರವಲು ತಂದು ಪ್ರಯತ್ನಪಟ್ಟಾಗ ಗೋಡೆ ಜೊತೆಗೆ ಚಿಕ್ಕಮ್ಮನ ಕೆನ್ನೆಯೂ ಹಸಿರಾಯ್ತು.

ಹೊರಗೆ ತೋಟಕ್ಕೆ ಕರಕೊಂಡು ಹೋದರೆ ತೆಂಗಿನ ಗರಿಗಳ ಸಂದಿಯಿಂದ ಬಿದ್ದ ಬಿಸಿಲು ಮುಖದ ಮೇಲೆ ಚುಕ್ಕಿ ಚುಕ್ಕಿ.

ಹಾಗಾಗಿ ಆಫೀಸಿನಲ್ಲಿ ಮಾಡೋ ಹಾಗೆ ಮೊದಲು ಬೇಡಿಕೆಗಳನ್ನು ಬರೆದುಕೊಂಡೆ. ಎಲ್ಲವೂ ರೈಲಿನಲ್ಲಿ ತಗೊಂಡು ಹೋಗುವ ಒಂದೇ ಬ್ಯಾಗಲ್ಲಿ ಹಿಡಿಯಬೇಕು. ಕರೆಂಟ್ ನಂಬಿಕೊಂಡಿರಬಾರದು. ಐದು ನಿಮಿಷದಲ್ಲಿ ನಿಲ್ಲಿಸೋಕಾಗಬೇಕು, ಯಾಕಂದ್ರೆ ವಯಸ್ಸಾದವರನ್ನು ಅರ್ಧ ಗಂಟೆ ಕೂರಿಸಿ ಆಮೇಲೆ 'ನಗಿ' ಅಂದರೆ ನಗು ಬರಲ್ಲ. ಒಟ್ಟು ಖರ್ಚು 15,000 ರೂಪಾಯಿ ದಾಟಬಾರದು.

ಮೊದಲ ತಪ್ಪು

ಮೊದಲು ತಗೊಂಡಿದ್ದು 60 ವ್ಯಾಟ್‌ನ ಒಂದು ಎಲ್‌ಇಡಿ ಲೈಟ್. 'ಕಣ್ಣಿಗೆ ಕಂಡದ್ದೇ ಫೋಟೊದಲ್ಲಿ ಬರುತ್ತೆ, ಕಲಿಯೋದು ಸುಲಭ' ಅನ್ನೋ ಆಸೆ. ಮಾತು ಸುಳ್ಳಲ್ಲ. ಆದರೆ ನಾನು ಲೆಕ್ಕ ಹಾಕಿರಲಿಲ್ಲ.

ಲೆಕ್ಕ ಹೀಗಿದೆ ನೋಡಿ. 60 ವ್ಯಾಟ್ ಅಂದರೆ ಸೆಕೆಂಡಿಗೆ 60 ಜೂಲ್. ಕ್ಯಾಮೆರಾದ ಶಟರ್ ತೆರೆದಿರೋದು 1/125 ಸೆಕೆಂಡ್ ಅಂದುಕೊಳ್ಳಿ. ಅಷ್ಟರಲ್ಲಿ ನಮಗೆ ಸಿಗೋದು 60 ಭಾಗಿಸು 125, ಅಂದರೆ ಅರ್ಧ ಜೂಲ್‌ಗಿಂತ ಕಡಿಮೆ. ಕ್ಯಾಮೆರಾ ಮೇಲೆ ಕೂರೋ ಸಾಧಾರಣ ಫ್ಲ್ಯಾಶ್ ಪೂರ್ತಿ ಶಕ್ತಿಯಲ್ಲಿ ಒಂದೇ ಹೊಡೆತಕ್ಕೆ ಖರ್ಚು ಮಾಡೋದು ಸುಮಾರು 60ರಿಂದ 75 ಜೂಲ್. ವಿದ್ಯುತ್ತನ್ನು ಬೆಳಕಾಗಿ ಬದಲಾಯಿಸೋದರಲ್ಲಿ ಎಲ್‌ಇಡಿ ಜಾಣ ಅಂತ ಒಂದಷ್ಟು ರಿಯಾಯಿತಿ ಕೊಟ್ಟರೂ ಫ್ಲ್ಯಾಶ್ ಹತ್ತಾರು ಪಟ್ಟು ಮುಂದೆ. ಮೂರು ಸೆಲ್ ಹಾಕೋ ಟಾರ್ಚಿಗೂ ಮಿಂಚಿಗೂ ಇರೋ ವ್ಯತ್ಯಾಸ.

ಇದರ ಪರಿಣಾಮ ಮುಖದ ಮೇಲೇ ಗೊತ್ತಾಯ್ತು. ಬೆಳಕು ಸಾಕಾಗಲಿ ಅಂತ ಎಲ್‌ಇಡಿಯನ್ನು ಹತ್ತಿರ ತಂದೆ. ಚಿಕ್ಕಪ್ಪ ಕಣ್ಣು ಕಿರಿದು ಮಾಡಿ ಕೂತರು. ಎದುರು ಬರೋ ಬಸ್ಸಿನ ಹೆಡ್‌ಲೈಟ್ ನೋಡೋ ಹಾಗೆ. ಒಂದು ಫೋಟೊದಲ್ಲೂ ಅವರ ಕಣ್ಣು ಅವರ ಕಣ್ಣಾಗಿರಲಿಲ್ಲ.

ಹಾಗಂತ ಎಲ್‌ಇಡಿ ದಂಡ ಅಂತಲ್ಲ. ವಿಡಿಯೋ ಮಾಡೋರಿಗೆ ಅದೇ ಬೇಕು. ಫೋನಲ್ಲೇ ಫೋಟೊ ತೆಗೆಯೋರಿಗೂ ಅದೇ ಸರಿ, ಯಾಕಂದ್ರೆ ಹೊರಗಿನ ಫ್ಲ್ಯಾಶ್ ಸಾಮಾನ್ಯವಾಗಿ ಫೋನ್ ಕ್ಯಾಮೆರಾದ ಜೊತೆ ತಾಳ ಹಾಕೋದಿಲ್ಲ. ತಗೊಳ್ಳೋದಾದರೆ ವ್ಯಾಟ್ ಜೊತೆಗೆ ಸಿಆರ್‌ಐ ಅನ್ನೋ ಸಂಖ್ಯೆಯನ್ನೂ ನೋಡಿ. ಬೆಳಕಿನಲ್ಲಿ ಬಣ್ಣ ಎಷ್ಟು ನಿಜವಾಗಿ ಕಾಣುತ್ತೆ ಅನ್ನೋದರ ಅಳತೆ ಅದು, 100ಕ್ಕೆ ಲೆಕ್ಕ. 95 ಅಥವಾ ಅದಕ್ಕಿಂತ ಮೇಲಿದ್ದರೆ ಚರ್ಮದ ಬಣ್ಣ ಚೆನ್ನಾಗಿ ಬರುತ್ತೆ.

ಕೊನೆಗೆ ಬ್ಯಾಗ್ ಸೇರಿದ್ದು

ಈಗ ನನ್ನ ಬ್ಯಾಗಲ್ಲಿರೋದು ಇಷ್ಟು: ಒಂದು ಮ್ಯಾನ್ಯುಯಲ್ ಫ್ಲ್ಯಾಶ್, ಅದನ್ನು ದೂರದಿಂದ ಹೊಡೆಸೋ ಒಂದು ರೇಡಿಯೋ ಟ್ರಿಗರ್, ಒಂದು ಸ್ಟ್ಯಾಂಡ್, ಛತ್ರಿ ಮತ್ತು ಫ್ಲ್ಯಾಶ್ ಎರಡನ್ನೂ ಹಿಡಿಯೋ ಬ್ರ್ಯಾಕೆಟ್, ಒಂದು ಬಿಳಿ ಛತ್ರಿ, ಎಂಟು ಸೆಲ್, ಚಾರ್ಜರ್. ನಾನು ತಗೊಂಡಾಗ ಎಲ್ಲ ಸೇರಿ 15,000ಕ್ಕೆ ಒಂದು ನೂರು ರೂಪಾಯಿ ಕಡಿಮೆ ಆಯ್ತು.

ಫ್ಲ್ಯಾಶ್: ಗೊಡಾಕ್ಸ್ ಟಿಟಿ600, ಯೊಂಗ್ನೋ 560-4 ಇವೆಲ್ಲ ಈ ವರ್ಗದವು. ಕ್ಯಾಮೆರಾ ಕಂಪನಿಗಳ ಸ್ವಂತ ಫ್ಲ್ಯಾಶ್‌ಗೆ ಹೋಲಿಸಿದರೆ ಬೆಲೆ ತುಂಬಾ ಕಡಿಮೆ. ಇವುಗಳಲ್ಲಿ ಟಿಟಿಎಲ್ ಇರಲ್ಲ, ಅಂದರೆ ಎಷ್ಟು ಬೆಳಕು ಬೇಕು ಅಂತ ಕ್ಯಾಮೆರಾ ತಾನೇ ತೀರ್ಮಾನ ಮಾಡಲ್ಲ. ನಾವೇ ಗುಂಡಿ ಒತ್ತಿ 1/8, 1/16 ಅಂತ ಹೇಳಬೇಕು. ಮದುವೆ ದಿಬ್ಬಣದ ಹಿಂದೆ ಓಡೋರಿಗೆ ಟಿಟಿಎಲ್ ಬೇಕೇ ಬೇಕು. ಆದರೆ ಕುರ್ಚಿಯಲ್ಲಿ ಕೂತ ಅಜ್ಜಿಗೂ ಲೈಟಿಗೂ ಇರೋ ದೂರ ಬದಲಾಗಲ್ಲವಲ್ಲ. ಎರಡು ಸಲ ಹೊಡೆದು ನೋಡಿದರೆ ಸರಿಯಾದ ಅಳತೆ ಸಿಕ್ಕಿಬಿಡುತ್ತೆ. ಆಮೇಲೆ ಅದನ್ನು ಮುಟ್ಟೋದೇ ಬೇಡ.

ಡಬ್ಬದ ಮೇಲೆ 'ಗೈಡ್ ನಂಬರ್ 60' ಅಂತ ದೊಡ್ಡದಾಗಿ ಬರೆದಿರ್ತಾರೆ. ಫ್ಲ್ಯಾಶ್‌ನ ತಲೆಯನ್ನು 200 ಮಿ.ಮೀ.ಗೆ ಝೂಮ್ ಮಾಡಿ, ಬೆಳಕನ್ನೆಲ್ಲ ಸಣ್ಣ ಕೊಳವೆಯಲ್ಲಿ ಬಿಟ್ಟ ಹಾಗೆ ಬಿಟ್ಟಾಗಿನ ಲೆಕ್ಕ ಅದು. ಛತ್ರಿಯೊಳಗೆ ಹರಡಿದಾಗ ಅಷ್ಟು ಸಿಗಲ್ಲ. ಎರಡು ಫ್ಲ್ಯಾಶ್ ಹೋಲಿಸುವಾಗ ಎರಡರದ್ದೂ ಒಂದೇ ಝೂಮ್‌ನಲ್ಲಿ ಹೇಳಿದ ಸಂಖ್ಯೆಯಾ ಅಂತ ನೋಡಿಕೊಳ್ಳಿ.

ಟ್ರಿಗರ್: ಒಂದು ಕಂಪನಿಯ ಟ್ರಿಗರ್ ಇನ್ನೊಂದು ಕಂಪನಿಯ ಫ್ಲ್ಯಾಶ್ ಜೊತೆ ಸಾಮಾನ್ಯವಾಗಿ ಮಾತಾಡಲ್ಲ. ಮೊದಲೇ ಒಂದು ಕಂಪನಿ ಆರಿಸಿಕೊಂಡು ಅದರಲ್ಲೇ ಮುಂದುವರಿಯಿರಿ. ಫ್ಲ್ಯಾಶ್ ಒಳಗೇ ರೇಡಿಯೋ ರಿಸೀವರ್ ಇದ್ದರೆ ಒಂದು ಸಾಮಾನು ಕಡಿಮೆ. ಟ್ರಿಗರ್ ತಗೊಳ್ಳುವಾಗ ನಿಮ್ಮ ಕ್ಯಾಮೆರಾ ಕಂಪನಿಗೆ ಹೊಂದುವ ಮಾದರಿಯನ್ನೇ ಕೇಳಿ.

ಸೆಲ್: ಗಡಿಯಾರಕ್ಕೆ ಹಾಕೋ ಸೆಲ್ ಬೇಡ. ಎನೆಲೂಪ್‌ನಂಥ, 2,000 ಎಂಎಎಚ್ ಆಸುಪಾಸಿನ ರೀಚಾರ್ಜ್ ಸೆಲ್ ತಗೊಳ್ಳಿ. ಇವು ಒಮ್ಮೆಲೇ ಹೆಚ್ಚು ಕರೆಂಟ್ ಕೊಡೋದರಿಂದ ಫ್ಲ್ಯಾಶ್ ಬೇಗ ಮತ್ತೆ ತಯಾರಾಗುತ್ತೆ. ಫ್ಲ್ಯಾಶಿಗೆ ನಾಲ್ಕು, ಜೇಬಲ್ಲಿ ನಾಲ್ಕು.

ಛತ್ರಿ: ಇಡೀ ಬ್ಯಾಗಲ್ಲಿ ಅತಿ ಅಗ್ಗದ ಸಾಮಾನು ಇದು. ಅತಿ ಮುಖ್ಯವಾದದ್ದೂ ಇದೇ. ಬೆಳಕು ಮೆತ್ತಗಿರಬೇಕು ಅಂದರೆ ಬೆಳಕಿನ ಮೂಲ ಮುಖಕ್ಕೆ ಹೋಲಿಸಿದರೆ ದೊಡ್ಡದಾಗಿರಬೇಕು. ಬರೀ ಫ್ಲ್ಯಾಶ್‌ನ ಗಾಜು ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು ಅಷ್ಟೆ. ಅದಕ್ಕೇ ಹಣೆ ಮೇಲೆ ಹೊಳಪು, ಮೂಗಿನ ಪಕ್ಕ ಕತ್ತರಿಸಿದಂಥ ನೆರಳು. ಅದೇ ಬೆಳಕು ಒಂದು ಮೀಟರ್ ಅಗಲದ ಬಿಳಿ ಬಟ್ಟೆಯ ಮೂಲಕ ಬಂದರೆ ಕಿಟಕಿಯಿಂದ ಬಂದ ಹಾಗೆ ಮುಖವನ್ನು ಸುತ್ತಿಕೊಳ್ಳುತ್ತೆ. ಸಾಫ್ಟ್‌ಬಾಕ್ಸ್‌ನಲ್ಲಿ ಬೆಳಕಿನ ಹಿಡಿತ ಇನ್ನೂ ಚೆನ್ನಾಗಿರುತ್ತೆ, ನಿಜ. ಆದರೆ ಅದರ ಕಡ್ಡಿ ಸಿಕ್ಕಿಸೋವಷ್ಟರಲ್ಲಿ ಅಜ್ಜಿ ಎದ್ದು ಹಸುವಿಗೆ ನೀರು ಕೊಡೋಕೆ ಹೋಗಿರ್ತಾರೆ. ಛತ್ರಿ ಮೂರು ಸೆಕೆಂಡಲ್ಲಿ ಬಿಚ್ಚಿಕೊಳ್ಳುತ್ತೆ.

ಬ್ರ್ಯಾಕೆಟ್ ಮತ್ತು ಸ್ಟ್ಯಾಂಡ್: ಇಲ್ಲಿ 300 ರೂಪಾಯಿ ಉಳಿಸೋಕೆ ಹೋಗಿ ಕೆಟ್ಟೆ. ನಾನು ತಗೊಂಡ ಪ್ಲಾಸ್ಟಿಕ್ ಬ್ರ್ಯಾಕೆಟ್‌ನ ಹಿಡಿತ ಎರಡನೇ ವಾರಕ್ಕೇ ಸಡಿಲ ಆಗಿ, ಫ್ಲ್ಯಾಶ್ ನಿಧಾನಕ್ಕೆ ತಲೆ ಬಾಗಿಸಿ, ಪಕ್ಕದ ಮೊರದಲ್ಲಿದ್ದ ರಾಗಿಯೊಳಗೆ ಮುಖ ಹುದುಗಿಸಿತು. ಪುಣ್ಯಕ್ಕೆ ರಾಗಿ ಇತ್ತು. ಲೋಹದ್ದೇ ತಗೊಳ್ಳಿ. ಸ್ಟ್ಯಾಂಡಿನ ಕಾಲಿಗೆ ಏನಾದರೂ ಭಾರ ಇಡಿ. ಮರಳು ಚೀಲವೇ ಆಗಬೇಕಿಲ್ಲ, ಐದು ಕೆಜಿ ಅಕ್ಕಿ ಚೀಲ ಸಾಕು. ಜಗಲಿಯಲ್ಲಿ ಸ್ವಲ್ಪ ಗಾಳಿ ಬಂದರೂ ಛತ್ರಿ ಹಾಯಿದೋಣಿ ಆಗುತ್ತೆ, ಆಗ ಒಬ್ಬರು ಸ್ಟ್ಯಾಂಡ್ ಹಿಡಿದುಕೊಂಡೇ ಇರಬೇಕು.

ದೂರದ ಲೆಕ್ಕ

ಇಷ್ಟು ಇದ್ದರೂ ಮೊದಲ ದಿನ ಫೋಟೊ ಸರಿ ಬರಲಿಲ್ಲ. ನಮ್ಮಲ್ಲಿ ಗಂಡಸರು ಉಡೋದು ಬಿಳಿ ಪಂಚೆ, ಬಿಳಿ ಅಂಗಿ. ಮುಖ ಕಪ್ಪು ಅಥವಾ ಎಣ್ಣೆಗೆಂಪು. ಮುಖಕ್ಕೆ ಬೆಳಕು ಸರಿ ಮಾಡಿದರೆ ಅಂಗಿ ಸುಣ್ಣದ ಗೋಡೆ ಆಗ್ತಿತ್ತು. ಅಂಗಿಯ ಮಡಿಕೆ ಕಾಣೋ ಹಾಗೆ ಮಾಡಿದರೆ ಮುಖ ಕತ್ತಲಲ್ಲಿ ಮುಳುಗ್ತಿತ್ತು. ದೊಡ್ಡಪ್ಪನ ಜಗಲಿ ಫೋಟೊದಲ್ಲಿ ಆಗಿದ್ದೂ ಹೆಚ್ಚುಕಮ್ಮಿ ಇದೇ.

ಪರಿಹಾರ ಹೈಸ್ಕೂಲಿನ ಫಿಸಿಕ್ಸ್‌ನಲ್ಲೇ ಇತ್ತು. ಸಣ್ಣ ಮೂಲದಿಂದ ಬರೋ ಬೆಳಕು ದೂರದ ವರ್ಗಕ್ಕೆ ತಕ್ಕ ಹಾಗೆ ಕಡಿಮೆಯಾಗುತ್ತೆ. ಒಂದು ಮೀಟರ್ ಇದ್ದದ್ದು ಎರಡು ಮೀಟರ್ ಆದರೆ ಬೆಳಕು ಕಾಲು ಭಾಗ. ಛತ್ರಿ ದೊಡ್ಡದಾದ್ದರಿಂದ ಹತ್ತಿರದಲ್ಲಿ ಈ ಲೆಕ್ಕ ಪೂರ್ತಿ ಕರಾರುವಾಕ್ಕಾಗಿ ಬರಲ್ಲ, ಆದರೆ ದಿಕ್ಕು ಅದೇ. ಅಂದರೆ ಲೈಟ್ ಮುಖಕ್ಕೆ ತುಂಬಾ ಹತ್ತಿರ ಇದ್ದರೆ ಮುಖಕ್ಕೆ ಜಾಸ್ತಿ, ಮಡಿಲಿಗೆ ಕಡಿಮೆ, ಹಿಂದಿನ ಹಸಿರು ಗೋಡೆಗೆ ಇನ್ನೂ ಕಡಿಮೆ.

ಛತ್ರಿಯನ್ನು ಮುಖದಿಂದ ಒಂದು ಮೀಟರ್ ದೂರದಲ್ಲಿ, ಕಣ್ಣಿಗಿಂತ ಸ್ವಲ್ಪ ಎತ್ತರದಲ್ಲಿ, ಓರೆಯಾಗಿ ಪಕ್ಕಕ್ಕೆ ನಿಲ್ಲಿಸಿದೆ. ಆಮೇಲೆ ಅದರ ಮಧ್ಯಭಾಗ ಎದೆಗಲ್ಲದೆ ತಲೆಗಿಂತ ಸ್ವಲ್ಪ ಮೇಲಕ್ಕೆ ಮುಖ ಮಾಡೋ ಹಾಗೆ ಓರೆ ಮಾಡಿದೆ. ಬಿಳಿ ಅಂಗಿಗೆ ಛತ್ರಿಯ ಅಂಚಿನ ಬೆಳಕು ಮಾತ್ರ ಬಿತ್ತು. ಅಂಗಿಯ ಮಡಿಕೆಯೂ ಉಳೀತು, ಮುಖದ ಬಣ್ಣವೂ ಅದರದ್ದೇ ಆಗಿ ಬಂತು. ಯಾರನ್ನೂ ಬೆಳ್ಳಗೆ ಮಾಡಬೇಕಾಗಲಿಲ್ಲ.

ನಾನು ಶುರು ಮಾಡೋ ಅಳತೆ: ಐಎಸ್‌ಒ 400, ಎಫ್ 5.6, ಶಟರ್ 1/60, ಫ್ಲ್ಯಾಶ್ 1/16. ಇದರಲ್ಲಿ ಶಟರ್ ಕೆಲಸ ಮಾಡೋದು ಮನೆಯ ಬೆಳಕಿನ ಮೇಲೆ ಮಾತ್ರ. ಗಾಜಿನ ಹೆಂಚಿನ ಬಿಸಿಲು, ಹಿಂದಿನ ಬಾಗಿಲು ಇನ್ನಷ್ಟು ಕಾಣಬೇಕಾ, ಟ್ರೈಪಾಡ್ ಹಾಕಿ 1/30ಕ್ಕೆ ಇಳಿಸಿ. ಹಿಂದೆ ಕತ್ತಲಾಗಬೇಕಾ, 1/200ಕ್ಕೆ ಏರಿಸಿ. ಬಹಳಷ್ಟು ಕ್ಯಾಮೆರಾಗಳಲ್ಲಿ 1/200 ಅಥವಾ 1/250 ದಾಟಿದರೆ ಫೋಟೊದ ಒಂದು ಪಕ್ಕಕ್ಕೆ ಕಪ್ಪು ಪಟ್ಟಿ ಬರುತ್ತೆ. ಫ್ಲ್ಯಾಶ್ ಕೆಟ್ಟಿಲ್ಲ, ಶಟರ್ ಪರದೆ ಪೂರ್ತಿ ತೆರೆಯೋಕೆ ಸಮಯ ಸಾಲದೆ ಆಗೋದು.

ಇನ್ನೆರಡು ಸಣ್ಣ ವಿಷಯ. ಮನೆಯ ಹಳದಿ ಬಲ್ಬ್ ಆರಿಸಿಬಿಡಿ, ಇಲ್ಲದಿದ್ದರೆ ಮುಖದ ಒಂದು ಕಡೆ ಬಿಳಿ, ಇನ್ನೊಂದು ಕಡೆ ಅರಿಸಿನ ಬಳಿದ ಹಾಗೆ ಬರುತ್ತೆ. ಕನ್ನಡಕ ಹಾಕಿದವರಿದ್ದರೆ ಛತ್ರಿಯನ್ನು ಇನ್ನಷ್ಟು ಮೇಲಕ್ಕೆ, ಪಕ್ಕಕ್ಕೆ ಸರಿಸಿ. ಗಾಜಿನಲ್ಲಿ ಛತ್ರಿಯ ಬಿಳಿ ಚಿತ್ರ ಕಾಣೋದು ನಿಲ್ಲುತ್ತೆ. ಕನ್ನಡಕ ತೆಗೆಸಬೇಡಿ, 40 ವರ್ಷದಿಂದ ಕನ್ನಡಕ ಹಾಕಿದವರು ಅದಿಲ್ಲದೆ ಬೇರೆಯವರ ಹಾಗೆ ಕಾಣ್ತಾರೆ.

ಬಿಸಿಲಿಗೆ ಸವಾಲು ಬೇಡ

ನಡು ಮಧ್ಯಾಹ್ನದ ಬಯಲಿನಲ್ಲಿ ಈ ಪುಟ್ಟ ಫ್ಲ್ಯಾಶ್ ಸೋಲುತ್ತೆ. ಐಎಸ್‌ಒ 100, ಶಟರ್ 1/200 ಇಟ್ಟರೆ ಬಿಸಿಲಿಗೇ ಎಫ್ 11 ಬೇಕು. ಛತ್ರಿ ಮೂಲಕ ಅಷ್ಟು ಬೆಳಕು ಕೊಡಬೇಕಾದರೆ ಫ್ಲ್ಯಾಶ್ ಪೂರ್ತಿ ಶಕ್ತಿಯಲ್ಲಿ ಏದುಸಿರು ಬಿಡಬೇಕು. ಹೈಸ್ಪೀಡ್ ಸಿಂಕ್ ಅನ್ನೋ ಸೌಲಭ್ಯ ಇದ್ದರೂ ಅದು ಫ್ಲ್ಯಾಶ್‌ನ ಶಕ್ತಿಯನ್ನು ಇನ್ನಷ್ಟು ತಿನ್ನುತ್ತೆ.

ನಿಜವಾಗಿ ಬಿಸಿಲಲ್ಲೇ ತೆಗೆಯಬೇಕಾದವರಿಗೆ ಗೊಡಾಕ್ಸ್ ಎಡಿ200ನಂಥ 200 ವ್ಯಾಟ್-ಸೆಕೆಂಡ್‌ನ ಲೈಟ್ ಇದೆ. ಪುಟ್ಟ ಫ್ಲ್ಯಾಶ್‌ಗಿಂತ ಹತ್ತಿರ ಹತ್ತಿರ ಮೂರು ಪಟ್ಟು ಶಕ್ತಿ, ಸ್ವಂತ ಲಿಥಿಯಂ ಬ್ಯಾಟರಿ. ಬೆಲೆ ನನ್ನ ಇಡೀ ಬ್ಯಾಗಿಗಿಂತ ಜಾಸ್ತಿ. ವರ್ಷಕ್ಕೆರಡು ಸಲ ಬೇಕಾಗೋದಾದರೆ ಬೆಂಗಳೂರಿನಂಥ ಊರಲ್ಲಿ ವಾರಾಂತ್ಯಕ್ಕೆ ಬಾಡಿಗೆಗೆ ಸಿಗುತ್ತೆ. ನಾನು ಅದನ್ನೂ ಮಾಡಲಿಲ್ಲ. ಜನರನ್ನೇ ಕೊಟ್ಟಿಗೆಯ ನೆರಳಿಗೆ ಕರಕೊಂಡು ಬಂದೆ. ನೆರಳಿಗೆ ಬಾಡಿಗೆ ಇಲ್ಲ.

ಹಾಗೇ, ಏನೂ ತಗೊಳ್ಳೋಕೆ ಆಗಲ್ಲ ಅನ್ನೋರು ಇವತ್ತೇ ಶುರು ಮಾಡಬಹುದು. ಬಾಗಿಲಿನ ಪಕ್ಕ, ನೇರ ಬಿಸಿಲು ಬೀಳದ ಕಡೆ ಕೂರಿಸಿ. ಕತ್ತಲಿರೋ ಪಕ್ಕಕ್ಕೆ ಸ್ಟೇಷನರಿ ಅಂಗಡಿಯ ಒಂದು ಬಿಳಿ ಥರ್ಮಾಕೋಲ್ ಹಾಳೆ ಹಿಡಿಯಿರಿ. ಕಿಟಕಿಯಿಂದ ನೇರ ಬಿಸಿಲು ಬರ್ತಿದ್ದರೆ ಒಂದು ಬಿಳಿ ಪಂಚೆ ಇಳಿಬಿಡಿ. ನನ್ನ 11 ಜನರ ಪಟ್ಟಿಯಲ್ಲಿ ಇಬ್ಬರ ಫೋಟೊ ಆಗಿದ್ದು ಹೀಗೇ. ಫ್ಲ್ಯಾಶ್ ಬ್ಯಾಗಲ್ಲೇ ಮಲಗಿತ್ತು.

ಅಜ್ಜಿಯ ಆಯ್ಕೆ

ಅಜ್ಜಿಗೆ 86. ದೊಡ್ಡಪ್ಪ ಅವರ ಹಿರೀ ಮಗ. ಅವರನ್ನು ಕೊನೆಗೆ ಇಟ್ಟುಕೊಂಡಿದ್ದೆ, ಹೇಗೆ ಕೇಳೋದು ಅನ್ನೋ ಅಂಜಿಕೆಯಿಂದ. ಆದರೆ ಪಟ್ಟಿಯಲ್ಲಿ ಆರು ಜನ ಮುಗಿಯೋ ಹೊತ್ತಿಗೆ ಅವರೇ ಕೇಳಿದರು, "ನಂದ್ಯಾವಾಗ್ಲಾ?"

ಗಾಜಿನ ಹೆಂಚಿನ ಕೆಳಗೆ ಅವರು ದಿನಾ ಅಕ್ಕಿ ಆರಿಸುವ ಜಾಗದಲ್ಲಿ ಕೂರಿಸಿದೆ. ಛತ್ರಿ ಬಿಚ್ಚಿದೆ.

"ಏನ್ಲಾ ಮಗ ಇದು? ಮಳೆ ಇಲ್ಲ, ಬಿಸ್ಲಿಲ್ಲ, ಮನೆಯೊಳ್ಗೆ ಛತ್ರಿ ಬಿಚ್ಚಿದ್ದೀಯಲ್ಲ!"

"ಇದು ಬೆಳಕಿನ ಛತ್ರಿ ಕಣಜ್ಜಿ" ಅಂದೆ. ಮೊದಲು ಗೋಡೆ ಕಡೆಗೆ ನಾಲ್ಕು ಸಲ ಹೊಡೆದು ತೋರಿಸಿದೆ. ಇದು ಯಾವ ಪುಸ್ತಕದ ಪಾಠವೂ ಅಲ್ಲ, ಆರು ಜನರನ್ನು ಬೆಚ್ಚಿಬೀಳಿಸಿ ಕಲಿತದ್ದು. ಅಜ್ಜಿ ಐದನೇ ಹೊಡೆತಕ್ಕೆ ಕಣ್ಣು ಮಿಟುಕಿಸಲಿಲ್ಲ. ಮೊರ ಎಳೆದುಕೊಂಡು ಕಲ್ಲು ಆರಿಸೋಕೆ ಶುರು ಮಾಡಿದರು. ನಾನು ಮಾತಾಡಿಸ್ತಾ, ಅವರು ತಲೆ ಎತ್ತಿದಾಗೆಲ್ಲ ತೆಗೀತಾ ಹೋದೆ. ಹದಿನೈದು ನಿಮಿಷ, 30 ಫೋಟೊ.

ಲ್ಯಾಪ್‌ಟಾಪಿನಲ್ಲಿ ತೋರಿಸಿದೆ. ನನಗೆ ಇಷ್ಟವಾಗಿದ್ದು ನಗ್ತಾ ಇರೋದು. ಅಜ್ಜಿ ಅದನ್ನು ಬಿಟ್ಟು, ಬಾಯಿ ಮುಚ್ಚಿ ನೇರ ನೋಡ್ತಿರೋ ಒಂದನ್ನು ಆರಿಸಿದರು. ಕೆನ್ನೆಯ ಸುಕ್ಕು, ಮೂಗುಬೊಟ್ಟು, ಎಡಗಣ್ಣಿನ ಆಪರೇಷನ್ ಆದಮೇಲೆ ಉಳಿದ ಸಣ್ಣ ಓರೆ, ಎಲ್ಲ ಇದ್ದದ್ದು ಇದ್ದ ಹಾಗೇ ಇತ್ತು.

"ಇದ್ನ ಎತ್ತಿಟ್ಕೊ" ಅಂದರು. "ನಿನ್ ದೊಡ್ಡಪ್ಪಂಗೆ ಆದಂಗೆ ನಂಗಾಗ್ಬಾರ್ದು. ಬೆಳ್ಳಗ್ ಮಾಡಿಸ್ಬ್ಯಾಡ."

ನಾನು ಹೂಂ ಅಂದೆ. ಅವರು ಮೊರ ತಗೊಂಡು ಒಳಗೆ ಹೋದರು.

ನಡುಮನೆಯ ಗೋಡೆಯಲ್ಲಿ ದೊಡ್ಡಪ್ಪನ ಜಾಗದಲ್ಲಿ ಇವತ್ತಿಗೂ ಮದುವೆ ಗುಂಪಿನಿಂದ ಕತ್ತರಿಸಿದ ಫೋಟೊವೇ ಇದೆ. ಬಣ್ಣ ಮಾತ್ರ ನಾನು ಸರಿ ಮಾಡಿದ್ದೀನಿ, ಮೋಡ ತೆಗೆದಿದ್ದೀನಿ. ಭುಜದ ಹತ್ತಿರ ಯಾರದ್ದೋ ಪೇಟದ ಅಂಚು ಹಾಗೇ ಉಳಿದಿದೆ. ಅದಕ್ಕೆ ಈಗ ಯಾವ ಲೈಟ್ ತಂದರೂ ಏನೂ ಮಾಡೋಕಾಗಲ್ಲ.

11ರಲ್ಲಿ ಏಳು ಆಯ್ತು. ಇನ್ನು ನಾಲ್ಕು ಜನ. ಸೋದರಮಾವ ಹಾಸನದಲ್ಲಿದ್ದಾರೆ, ಶನಿವಾರ ಬರ್ತೀನಿ ಅಂತ ಹೇಳಿದ್ದೀನಿ. ಸೆಲ್ ಚಾರ್ಜಿಗೆ ಹಾಕಿ ಬಂದು ಇದನ್ನು ಬರೀತಿದ್ದೀನಿ. ನಿಮ್ಮ ಮನೆಯಲ್ಲಿ ಯಾರ ಫೋಟೊ ಇಲ್ಲ ಅಂತ ಒಮ್ಮೆ ಫೋನ್ ತೆಗೆದು ಹುಡುಕಿ ನೋಡಿ. ಲೈಟ್ ಯಾವುದು ಅನ್ನೋದು ಆಮೇಲೆ.